ಏಳು ಮುತ್ತೈದೆಯರಲ್ಲಿ ಐವರು

ತಿರುಮಲನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತಾರು ಬಂದಿತ್ತು. ಇದು ನಡೆದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಆದರೂ ಚೆನ್ನೈಯ ಕ್ರೋಂಪೇಟೆಯಲ್ಲಿ ಅವನನ್ನು ಬಲ್ಲ ಯಾರಿಗೂ ಅದು ಹಳೆಯ ಸುದ್ದಿಯಾಗಲು ಅವನು ಬಿಟ್ಟಿರಲಿಲ್ಲ. ಲೋಕಲ್ ಟ್ರೇನು ತಡವಾದರೆ ತೊಂಬತ್ತಾರರ ಮಾತು ಬರುತ್ತಿತ್ತು, ಕುಕ್ಕರು ಒಂದು ಸೀಟಿ ಹೆಚ್ಚು ಕೂಗಿದರೂ ಬರುತ್ತಿತ್ತು. ಉಳಿದ ನಾಲ್ಕು ಅಂಕ ಎಲ್ಲಿ ಹೋಯಿತು ಎಂದು ಕೇಳುವ ಧೈರ್ಯ ಮಾಡಿದವರಿಗೆ, ಪೇಪರು ತಿದ್ದಿದವನ ಕಣ್ಣು ಸರಿ ಇರಲಿಲ್ಲ ಎಂಬ ಉತ್ತರ ಸಿದ್ಧವಿತ್ತು. ಇಂಥ ಗಣಿತಜ್ಞ ರಾಯಪುರಂ ಕಡೆ, ಬಂದರಿನ ಹತ್ತಿರ, ಹಡಗಿನ ಸರಕು ಬಿಡಿಸಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ಕೂತಿರುವುದು ದೇಶದ ದುರದೃಷ್ಟ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ಅವನ ತಾಯಿ ರಮಾಬಾಯಿಯವರ ಹರಕೆಯದೇ ದೊಡ್ಡ ಚಿಂತೆಯಾಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಎರಡು ತಿಂಗಳು ಮಲಗಿದ್ದ ಮುದುಕಿ, ಎದ್ದು ನಡೆದ ದಿನವೇ ದೇವರ ಮುಂದೆ ಕೈಮುಗಿದು, ಶ್ರಾವಣ ಶುಕ್ರವಾರ ಐದು ಜನ ಮುತ್ತೈದೆಯರಿಗೆ ಎಲೆ ಹಾಕಿ ಊಟ ಬಡಿಸುವವರೆಗೆ ತಾನು ಅನ್ನವನ್ನೂ ಉಪ್ಪನ್ನೂ ಮುಟ್ಟುವುದಿಲ್ಲ ಎಂದುಬಿಟ್ಟರು. ಅಂದಿನಿಂದ ಎರಡು ಹೊತ್ತೂ ಹಾಲು ಅವಲಕ್ಕಿ. ಶ್ರಾವಣದ ಮೊದಲ ಶುಕ್ರವಾರ ಯಾರನ್ನು ಕರೆಯಬೇಕೆಂಬ ಗಲಾಟೆಯಲ್ಲೇ ಕಳೆಯಿತು. ಎರಡನೆಯದು ವರಮಹಾಲಕ್ಷ್ಮಿ, ಎಲ್ಲರಿಗೂ ಅವರವರ ಮನೆಯ ಪೂಜೆ. ಮೂರನೆಯದಕ್ಕೆ ಮತ್ತೆ ಅದೇ ಗಲಾಟೆ. ಈಗ ಉಳಿದಿದ್ದದ್ದು ಕೊನೆಯ ಶುಕ್ರವಾರ ಒಂದೇ. ಅದೂ ತಪ್ಪಿದರೆ ಪಿತೃಪಕ್ಷ ದಾಟಿ ನವರಾತ್ರಿಯವರೆಗೆ ಕಾಯಬೇಕು. ಅಷ್ಟರಲ್ಲಿ ಹಾಲು ಬಿಡುವ ಕ್ಷೀರವ್ರತ ಬರುತ್ತದೆ. ಆಮೇಲೆ ಎಪ್ಪತ್ತಾರು ವರ್ಷದ ಹೆಂಗಸಿಗೆ ನೀರಲ್ಲಿ ನೆನೆದ ಅವಲಕ್ಕಿಯೇ ಗತಿ. ಡಾಕ್ಟರು ಆಗಲೇ ತಿರುಮಲನನ್ನು ಪಕ್ಕಕ್ಕೆ ಕರೆದು ಬೈದಿದ್ದರು.

ಭಾನುವಾರ ಸಂಜೆ ಅವನ ಹೆಂಡತಿ ಸರಸ ಅಚ್ಚುಕಟ್ಟಾಗಿ ತೊಂದರೆಯನ್ನು ವಿವರಿಸಿದಳು.

"ಕರೆಯೋ ಹಾಗಿರೋರು ಏಳೇ ಜನ. ನಿಮ್ಮ ಸೋದರತ್ತೆ ಮಗಳು ನಾಗಮಣಿ, ಎರಡನೇ ಬೀದಿ ಹರಿಪ್ರಿಯಾ, ಸದಾನಂದನ ಮನೆ ಅತ್ತೆ-ಸೊಸೆ, ವೇಲಚೇರಿ ಚಿಕ್ಕಮ್ಮ, ವಿಶ್ವನಾಥನ ಹೆಂಡತಿ, ಮತ್ತೆ ಟೀಚರಮ್ಮ. ಏಳೂ ಜನರನ್ನ ಕರೆದುಬಿಡೋಣ ಅಂದ್ರೆ ನಾಗಮಣಿ ಬಂದ ಕಡೆ ಹರಿಪ್ರಿಯಾ ಬರಲ್ಲ, ಹರಿಪ್ರಿಯಾ ಕೂತ ಪಂಕ್ತೀಲಿ ನಾಗಮಣಿ ಕೂರಲ್ಲ. ಆ ಅತ್ತೆ-ಸೊಸೆ ಬಂದ್ರೆ ಇಬ್ಬರೂ ಬರ್ತಾರೆ, ಇಲ್ಲಾಂದ್ರೆ ಇಬ್ಬರೂ ಇಲ್ಲ. ಒಬ್ಬರು ಒಂದು ಕಡೆ ಊಟ ಮಾಡಿ ಬಂದ್ರೆ ಇನ್ನೊಬ್ಬರಿಗೆ ನಿದ್ದೆ ಬರಲ್ಲ."

ನಾಗಮಣಿ ಮತ್ತು ಹರಿಪ್ರಿಯಾರ ಜಗಳ ಆರು ವರ್ಷದ್ದು. ನಾಗಮಣಿಯ ಹೊಸ ಮನೆಯ ಗೃಹಪ್ರವೇಶದ ದಿನ ಕೋಸಂಬರಿ ಬಾಯಿಗಿಟ್ಟ ಹರಿಪ್ರಿಯಾ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ "ಉಪ್ಪು ಸ್ವಲ್ಪ ಮುಂದೆ" ಎಂದಿದ್ದಳು. ಆಡಿದ್ದು ಮೂರೇ ಮಾತು, ಉಪ್ಪು ತುಸು ಹೆಚ್ಚಾಯಿತು ಎಂಬಷ್ಟೇ ಅರ್ಥ. ಇಪ್ಪತ್ತು ವರ್ಷ ಅಡುಗೆಗೆ ಹೆಸರಾಗಿದ್ದ ನಾಗಮಣಿಗೆ ಅದು ಪ್ರಾಣಕ್ಕೆ ತಾಗಿತು. ಈ ವಿಷಯ ಎದ್ದಾಗಲೆಲ್ಲ ತಿರುಮಲನಿಗೆ ಕೆಮ್ಮು ಬರುತ್ತಿತ್ತು. ಕ್ರೋಂಪೇಟೆಯ ಚರ್ಮ ಹದ ಮಾಡುವ ಕಾರ್ಖಾನೆಗಳ ಗಾಳಿ ಅವನಿಗೆ ಒಗ್ಗುವುದಿಲ್ಲವೆಂದು ಮನೆಯವರೆಲ್ಲ ತಿಳಿದಿದ್ದರು.

ಈಗಲೂ ಕೆಮ್ಮಿ, ಅವನು ನಕ್ಕುಬಿಟ್ಟ. "ಇಷ್ಟೇನಾ? ಇದು ಕಾಂಬಿನೇಶನ್ ಕಣೇ. ಏಳರಲ್ಲಿ ಐದು. ಐದು ನಿಮಿಷದ ಕೆಲಸ. ಸುಮೇಧಾ, ನಿನ್ನ ರಫ್ ಪೇಪರ್ ಕೊಂಡ್ಬಾ."

ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು, ಓದುತ್ತಿದ್ದ ಮಗಳು ಸುಮೇಧಾ ಕಾಗದದ ಕಟ್ಟು ತಂದು ಮುಂದಿಟ್ಟಳು. ತಿರುಮಲ ಕನ್ನಡಕ ಏರಿಸಿ, ಆಫೀಸಿನ ಅಭ್ಯಾಸದಂತೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆಯತೊಡಗಿದ. ಅವನ ಅಕ್ಷರ ಬಹಳ ಚೆನ್ನ. ಹತ್ತು ಅಡಿ ದೂರದಿಂದಲೂ ಓದಬಹುದು. ಈ ಗುಣ ಮುಂದೆ ಅವನಿಗೆ ಮುಳುವಾಯಿತು.

"ಕಂಡಿಷನ್ ಇಲ್ಲದೆ ಇಪ್ಪತ್ತೊಂದು ವಿಧ" ಎಂದು ಮೊದಲು ಘೋಷಿಸಿದ. "ಈಗ ನಾಗಮಣಿ, ಹರಿಪ್ರಿಯಾ ಒಟ್ಟಿಗೆ ಬರೋದನ್ನ ಕಳೆದರೆ ಹನ್ನೊಂದು. ಅತ್ತೆ-ಸೊಸೆ ಕಂಡಿಷನ್‌ಗೆ ಹನ್ನೊಂದು. ಹನ್ನೊಂದೂ ಹನ್ನೊಂದೂ ಇಪ್ಪತ್ತೆರಡು. ನೋಡು ಸರಸ, ಇಪ್ಪತ್ತೆರಡು ವಿಧ ಇದೆ, ನೀನು ಒಂದೂ ಇಲ್ಲ ಅಂತ ಅಳ್ತಿದ್ದೆ."

ಸುಮೇಧಾ ಕಾಗದ ನೋಡಿದಳು, ಅಪ್ಪನ ಮುಖ ನೋಡಿದಳು.

"ಅಪ್ಪಾ, ಕಂಡಿಷನ್ ಇಲ್ಲಾಮಲೇ ಇಪ್ಪತ್ತೊಂದುದಾನೆ? ಕಂಡಿಷನ್ ಹಾಕಿದ ಮೇಲೆ ಎಪ್ಪಡಿ ಇಪ್ಪತ್ತೆರಡು ಆಚ್ಚು?"

ಕಂಡಿಷನ್ ಹಾಕಿದರೆ ವಿಧ ಹೆಚ್ಚಾಗುವುದು ಹೇಗೆ ಎಂಬುದು ಅವಳ ತಮಿಳು ಬೆರೆತ ಪ್ರಶ್ನೆ. ಹೆಂಗಸರು ಜಗಳವಾಡಿದಷ್ಟೂ ಪಂಕ್ತಿ ಬೆಳೆಯುತ್ತದೆ ಎಂಬ ಈ ಹೊಸ ಸಿದ್ಧಾಂತವನ್ನು ರಮಾಬಾಯಿ ಕೂಡ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಅವರು ಅವಲಕ್ಕಿಯ ಬಟ್ಟಲು ಕೆಳಗಿಟ್ಟು, "ಲೆಕ್ಕ ಇರಲಿ ಕಣೋ, ಶುಕ್ರವಾರದೊಳಗೆ ಐದು ಹೆಸರು ಹೇಳು" ಎಂದರು.

"ಸಿಲಬಸ್ ಬದಲಾಗಿದೆ" ಎಂದು ತಿರುಮಲ ಕಾಗದ ಮಡಚಿ ಜೇಬಿಗಿಟ್ಟ.

ಸೋಮವಾರ ಅವನು ಆಫೀಸಿನಲ್ಲೂ ಅದೇ ಲೆಕ್ಕದಲ್ಲಿದ್ದ. ಮೇಜಿನ ಮೇಲೆ ಬರ್ತಿಂಗ್ ಚಾರ್ಟು, ಅಂದರೆ ಯಾವ ಹಡಗು ಯಾವ ದಿನ ದಡಕ್ಕೆ ನಿಲ್ಲುತ್ತದೆಂಬ ಪಟ್ಟಿ, ಹರಡಿತ್ತು. ಅದರ ಮೇಲೆ ಅವನ ಮುತ್ತಿನಂಥ ದೊಡ್ಡಕ್ಷರಗಳಲ್ಲಿ 'ನಾಗಮಣಿ, ಹರಿಪ್ರಿಯಾ: ಒಟ್ಟಿಗೆ ಬಿಡಕೂಡದು' ಎಂದಿತ್ತು. ಮ್ಯಾನೇಜರು ಹಿಂದಿನಿಂದ ಬಗ್ಗಿ ನೋಡಿ, ಈ ನಾಗಮಣಿ ಯಾವಾಗ ಬರುತ್ತದೆ ಎಂದು ಕೇಳಿದರು.

"ಎನ್ನ ತಿರುಮಲೈ, ಇಂದ ನಾಗಮಣಿ ಎಪ್ಪೋ ವರುದು?"

ಬೇರೆ ಲೋಕದಲ್ಲಿದ್ದ ತಿರುಮಲ ತಲೆಯೆತ್ತದೆ, "ಶುಕ್ರವಾರ ಹನ್ನೊಂದಕ್ಕೆ ಸಾರ್. ಆದರೆ ಹರಿಪ್ರಿಯಾ ಇದ್ದರೆ ಬರುವುದಿಲ್ಲ" ಎಂದು ತಮಿಳಿನಲ್ಲೇ ಹೇಳಿದ.

"ಏನು ಪ್ರಾಬ್ಲಂ?"

"ಉಪ್ಪು ಸಾರ್."

"ಉಪ್ಪು ಲೋಡಾ? ಎಷ್ಟು ಟನ್?"

"ಸ್ವಲ್ಪ ಮುಂದೆ ಅಷ್ಟೇ ಸಾರ್. ಅದಕ್ಕೇ ಆರು ವರ್ಷ."

ಆರು ವರ್ಷದಿಂದ ಸಮುದ್ರದಲ್ಲಿ ನಿಂತಿರುವ ಉಪ್ಪಿನ ಹಡಗಿನ ಬಗ್ಗೆ ತನಗೆ ಇದುವರೆಗೆ ಯಾರೂ ಹೇಳಿಲ್ಲವಲ್ಲ ಎಂದು ಮ್ಯಾನೇಜರಿಗೆ ಗಾಬರಿಯಾಯಿತು. ಅವರು ಕೋಣೆಗೆ ಓಡಿ ಮೂರು ಫೋನು ಮಾಡಿದರು.

ಮಂಗಳವಾರ ಸಂಜೆ ಕೊನೆಗೂ ಲೆಕ್ಕ ಕೂತಿತು. ಸುಮೇಧಾ, ಕರೆಯುವವರನ್ನು ಎಣಿಸುವ ಬದಲು ಬಿಡುವ ಇಬ್ಬರನ್ನು ಎಣಿಸಿ ನೋಡಿ ಎಂದು ಮೆಲ್ಲಗೆ ಹೇಳಿದ್ದಳು. ಅದು ತನಗೇ ಹೊಳೆದದ್ದೆಂದು ತಿರುಮಲ ಹತ್ತು ನಿಮಿಷದಲ್ಲಿ ನಂಬಿಬಿಟ್ಟಿದ್ದ. ನಾಗಮಣಿಯನ್ನು ಬಿಟ್ಟರೆ ಮೂರು ವಿಧ, ಹರಿಪ್ರಿಯಾಳನ್ನು ಬಿಟ್ಟರೆ ಮೂರು, ಇಬ್ಬರನ್ನೂ ಬಿಟ್ಟರೆ ಒಂದು. ಒಟ್ಟು ಏಳು.

"ನಾಗಮಣಿ ಮನೆ ಹೆಣ್ಣುಮಗಳು, ಅವಳು ಇರಲೇಬೇಕು" ಎಂದರು ರಮಾಬಾಯಿ.

"ಹಾಗಾದರೆ ಮೂರು!" ತಿರುಮಲ ಪೆನ್ಸಿಲ್ ಕುಟ್ಟಿದ. ಟೀಚರಮ್ಮನಿಗೆ ಶುಕ್ರವಾರ ಶಾಲೆ ಇರುವುದರಿಂದ ಅವಳನ್ನೂ ಬಿಟ್ಟು ಐದು ಹೆಸರು ಗಟ್ಟಿಯಾದವು. ಸರಸ ಗಂಡನನ್ನು ಮದುವೆಯಾದ ಮೇಲೆ ಮೊದಲ ಸಲ ಮೆಚ್ಚುಗೆಯಿಂದ ನೋಡಿದಳು. ತೊಂಬತ್ತಾರು ಅಂಕ ಕೊನೆಗೂ ಒಂದು ಕೆಲಸಕ್ಕೆ ಬಂದಿತ್ತು.

ಬುಧವಾರ ಕರೆಯಲು ಹೋಗಬೇಕು. ಊಟಕ್ಕೆ ಕರೆಯುವುದೆಂದರೆ ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಮನೆಗೆ ಹೋಗಿ, ಕುಂಕುಮ ಇಟ್ಟು, ಒಂದು ಕುಂಕುಮದ ಪೊಟ್ಟಣವನ್ನೂ ಕೈಯಲ್ಲಿಟ್ಟು ಕರೆಯಬೇಕು. ಪೊಟ್ಟಣ ಕಟ್ಟುವುದು ರಮಾಬಾಯಿಯವರ ಕೆಲಸ. ಒಂದು ಕಡೆ ಖಾಲಿ ಇರುವ ಕಾಗದವನ್ನು ಅವರು ಜನ್ಮದಲ್ಲಿ ಎಸೆದವರಲ್ಲ. ತಿರುಮಲನ ಕುರ್ಚಿಯ ಪಕ್ಕ ಅಂಥ ಕಾಗದ ಬೇಕಾದಷ್ಟು ಬಿದ್ದಿತ್ತು. ಕಣ್ಣಿನ ಪೊರೆಯಿಂದ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ, ಆದರೆ ಬರೆದ ಕಡೆ ಯಾವುದು, ಖಾಲಿ ಕಡೆ ಯಾವುದು ಎಂದು ತಿಳಿಯುತ್ತಿತ್ತು. ಬರೆದ ಕಡೆ ಒಳಗೆ, ಖಾಲಿ ಕಡೆ ಹೊರಗೆ ಬರುವಂತೆ ಅಚ್ಚುಕಟ್ಟಾಗಿ ಐದು ಪೊಟ್ಟಣ ಮಡಚಿದರು. ಸರಸ ನಾಲ್ಕು ಮನೆಗೂ ಹೋಗಿ, ಐವರನ್ನೂ ಒಪ್ಪಿಸಿ, ಪೊಟ್ಟಣ ಕೊಟ್ಟು ಬಂದಳು.

ಗುರುವಾರ ಸಂಜೆ ಆರಕ್ಕೆ ನಾಗಮಣಿಯ ಗಂಡ ಕಿಟ್ಟಣ್ಣ ಬಂದ. ರೈಲ್ವೆಯಲ್ಲಿ ಮೂವತ್ತೈದು ವರ್ಷ ಟಿಕೆಟ್ ಪರೀಕ್ಷಿಸಿ ನಿವೃತ್ತನಾದ ಅವನು ಯಾವ ಕಾಗದವನ್ನಾದರೂ ಬೆಳಕಿಗೆ ಹಿಡಿದೇ ಮಾತಾಡುವವನು. ಕುಂಕುಮ ಮೆತ್ತಿದ ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದ.

"ತಿರುಮಲ, ಇದು ನಿನ್ನ ಕೈಬರಹ ಅಲ್ಲ ಅಂತ ಹೇಳು, ನಾನು ವಾಪಸು ಹೋಗ್ತೀನಿ."

ತಿರುಮಲ ನೋಡಿದ. ಇಡೀ ಚೆನ್ನೈಯಲ್ಲಿ ಅಂಥ ಅಕ್ಷರ ಇನ್ನೊಬ್ಬರದಿರಲಿಲ್ಲ.

"'ನಾಗಮಣಿಯನ್ನು ತೆಗೆದರೆ ಮೂರು. ಹರಿಪ್ರಿಯಾಳನ್ನು ತೆಗೆದರೆ ಮೂರು. ಇಬ್ಬರನ್ನೂ ತೆಗೆದರೆ ಯಾವ ತೊಂದರೆಯೂ ಇಲ್ಲ.' ಮುತ್ತೈದೆ ಹೆಣ್ಣಿಗೆ ಶುಭ ಶುಕ್ರವಾರಕ್ಕೆ ಕಳಿಸೋ ಮಾತೇನೋ ಇದು? ತೆಗೆಯೋದು ಅಂದ್ರೆ ಏನು? ನಾನು ಇನ್ನೂ ಗಟ್ಟಿಯಾಗಿದ್ದೀನಿ ಕಣೋ!"

"ಅದು ಕಾಂಬಿನೇಶನ್ ಕಿಟ್ಟಣ್ಣ..."

"ಯಾರ ಜೊತೆ?"

ತಿರುಮಲ ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿಯಿತು. ಸದಾನಂದ. ಅವನ ಮನೆಗೆ ಹೋದ ಪೊಟ್ಟಣದಲ್ಲಿ 'ಅತ್ತೆ-ಸೊಸೆಯನ್ನು ಒಂದೇ ಐಟಂ ಎಂದು ಪರಿಗಣಿಸಬೇಕು' ಎಂದಿತ್ತಂತೆ.

"ತಿರುಮಲ, ನನ್ನ ಹೆಂಡತಿ ಅಳ್ತಿದಾಳೆ, ಅತ್ತೆ ಜೊತೆ ತನ್ನನ್ನ ಒಂದಾಗಿ ಎಣಿಸಿದರು ಅಂತ. ನಮ್ಮಮ್ಮನೂ ಅಳ್ತಿದಾರೆ, ಸೊಸೆ ಜೊತೆ ತನ್ನನ್ನ ಎಣಿಸಿದರು ಅಂತ. ಹನ್ನೆರಡು ವರ್ಷದಲ್ಲಿ ಇಬ್ಬರೂ ಮೊದಲ ಸಲ ಒಂದು ವಿಷಯಕ್ಕೆ ಒಪ್ಪಿದಾರೆ ಕಣಪ್ಪಾ, ನಿನ್ನ ಮನೆಗೆ ಬರಲ್ಲ ಅಂತ."

ಫೋನು ಇಟ್ಟ ಕೂಡಲೇ ಮತ್ತೆ ಬಡಿಯಿತು. ಈ ಸಲ ವೇಲಚೇರಿ ಚಿಕ್ಕಮ್ಮ. ಅವರ ಪೊಟ್ಟಣದಲ್ಲಿ, 'ವೇಲಚೇರಿ, ವಿಶ್ವನಾಥನ ಹೆಂಡತಿ, ಟೀಚರ್: ಈ ಮೂವರಲ್ಲಿ ಯಾರನ್ನು ಬಿಟ್ಟರೂ ವ್ಯತ್ಯಾಸವಿಲ್ಲ' ಎಂದಿತ್ತು. ಚಿಕ್ಕಮ್ಮ ಬೈಯಲಿಲ್ಲ. "ವ್ಯತ್ಯಾಸ ಇಲ್ಲದವಳು ಬಂದೇನು ಮಾಡಲಿ ಮಗು? ಎಂಆರ್‌ಟಿಎಸ್ ಹತ್ತಿ, ಇನ್ನೊಂದು ಟ್ರೇನ್ ಬದಲಾಯಿಸಿ, ಮೊಣಕಾಲು ನೋಯಿಸ್ಕೊಂಡು ಬರ್ತೀನಿ ಅಂದಿದ್ದೆ. ವ್ಯತ್ಯಾಸ ಇದೆ ಅಂತ ನಾನೇ ಅಂದ್ಕೊಂಡಿದ್ದೆ" ಎಂದು ಇಟ್ಟುಬಿಟ್ಟರು. ವಿಶ್ವನಾಥನ ಹೆಂಡತಿ ಫೋನು ಮಾಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಕುಂಕುಮವನ್ನು ಬೇರೆ ಕಾಗದಕ್ಕೆ ಸುರಿದುಕೊಂಡು, ಪೊಟ್ಟಣದ ಕಾಗದವನ್ನು ಮಾತ್ರ ಯಾರ ಕೈಯಲ್ಲೋ ವಾಪಸು ಕಳಿಸಿದ್ದಳು.

ಕಿಟ್ಟಣ್ಣ ಕಾಗದವನ್ನು ಮಡಚಿಕೊಂಡು ಹೋದ. ನಾಳೆಯ ಹೋಳಿಗೆಗೆ ನೆನೆಸಿದ್ದ ಬೇಳೆಯನ್ನು ಸರಸ ನೋಡುತ್ತ ನಿಂತಳು. ರಮಾಬಾಯಿ, "ನನ್ನದೇ ತಪ್ಪು, ಕಾಗದ ನಾನೇ ಮಡಚಿದ್ದು" ಎಂದು ಹೇಳಿ, ಮೂಲೆಯಲ್ಲಿ ಕೂತು ತಮ್ಮ ಬಟ್ಟಲಿಗೆ ಅವಲಕ್ಕಿ ಹಾಕಿಕೊಂಡರು. ಬಟ್ಟಲು ಹಿಡಿದ ಅವರ ಕೈ ಮೊದಲಿಗಿಂತ ಬಹಳ ತೆಳ್ಳಗಾಗಿತ್ತು. ತಿರುಮಲ ಅದನ್ನು ನೋಡಿದ. ಎಷ್ಟು ವಿಧ ಉಳಿಯಿತು ಎಂದು ಮಗಳನ್ನು ಕೇಳುವ ಅಗತ್ಯವೂ ಇರಲಿಲ್ಲ. ಅವನು ಚಪ್ಪಲಿ ಮೆಟ್ಟಿದ.

"ನಾನೂ ವರೇನ್ ಅಪ್ಪಾ" ಎಂದು ಸುಮೇಧಾ ಹಿಂದೆಯೇ ಹೊರಟಳು.

ನಾಗಮಣಿಯ ಮನೆಯ ಬಾಗಿಲಲ್ಲಿ ಒಂದು ಜೊತೆ ಅಪರಿಚಿತ ಚಪ್ಪಲಿ ಇತ್ತು. ಒಳಗೆ, ಆರು ವರ್ಷದಿಂದ ಆ ಹೊಸಿಲು ತುಳಿಯದ ಹರಿಪ್ರಿಯಾ ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಪಕ್ಕದಲ್ಲಿ ನಾಗಮಣಿ. ಇಬ್ಬರ ನಡುವೆ ಆ ಕಾಗದ. ಇಬ್ಬರನ್ನೂ ಸೇರಿಸಿ ಅವಮಾನ ಮಾಡುವ ಕಾಗದವನ್ನು ಒಬ್ಬಳೇ ಓದಿ ಸುಮ್ಮನಿರುವುದು ನಾಗಮಣಿಯಿಂದ ಆಗಿರಲಿಲ್ಲ. ಮಧ್ಯಾಹ್ನವೇ ಅದನ್ನು ಹಿಡಿದು ತಾನೇ ಎರಡನೇ ಬೀದಿಗೆ ಹೋಗಿ ಬಾಗಿಲು ತಟ್ಟಿದ್ದಳು.

"ಬಾರಪ್ಪಾ ತೊಂಬತ್ತಾರು" ಎಂದಳು ನಾಗಮಣಿ.

"ತಪ್ಪಾಯಿತು" ಎಂದ ತಿರುಮಲ. ಈ ಪದ ಅವನ ಬಾಯಿಂದ ಮೊದಲು ಬಂದ ನೆನಪು ಯಾರಿಗೂ ಇರಲಿಲ್ಲ. "ನನ್ನನ್ನ ಏನಾದರೂ ಅನ್ನಿ. ಅಮ್ಮ ಅನ್ನ ಮುಟ್ಟಿ ನಾಳೆಗೆ ನಲವತ್ತು ದಿನ. ನಾಳೆ ತಪ್ಪಿದರೆ ನವರಾತ್ರಿ. ಅಷ್ಟು ದಿನ ಅವರು ತಡ್ಕೊಳ್ಳಲ್ಲ."

ನಾಗಮಣಿಯ ಮುಖ ಸಡಿಲವಾಯಿತು, ಆದರೆ ಧ್ವನಿ ಸಡಿಲವಾಗಲಿಲ್ಲ. "ನಿನಗೋಸ್ಕರ ಅಲ್ಲ, ರಮಾಬಾಯತ್ತೆಗೋಸ್ಕರ ಬರ್ತೀವಿ. ಆದ್ರೆ ನಮ್ಮದೂ ಒಂದು ಕಂಡಿಷನ್. ಏಳೂ ಜನ ಬರ್ತೀವಿ, ಇಲ್ಲ ಅಂದ್ರೆ ಒಬ್ಬರೂ ಇಲ್ಲ. ಉಳಿದವರಿಗೆ ನಾವು ಹೇಳ್ತೀವಿ. ಟೀಚರಮ್ಮ ರಜೆ ಹಾಕ್ತಾಳೆ. ಈಗ ಹೇಳು, ಏಳರಲ್ಲಿ ಏಳು, ಎಷ್ಟು ವಿಧ?"

ತಿರುಮಲನ ಕೈ ತಾನಾಗಿಯೇ ಜೇಬಿನ ಪೆನ್ಸಿಲಿಗೆ ಹೋಯಿತು. ಸುಮೇಧಾ ಆ ಕೈ ಹಿಡಿದುಕೊಂಡಳು.

"ಒಂದೇ ವಿಧಂ ಅತ್ತೆ."

"ಜಾಣೆ" ಎಂದಳು ಹರಿಪ್ರಿಯಾ. "ಮತ್ತೆ ಇನ್ನೊಂದು. ಸರಸ ಒಬ್ಬಳೇ ಏಳು ಜನಕ್ಕೆ ಎಷ್ಟು ಅಂತ ಮಾಡ್ತಾಳೆ? ಕೋಸಂಬರಿ ನೀವೇ ಮಾಡಬೇಕು. ಬೇಳೆ ತೊಳೆಯೋದರಿಂದ ಹಿಡಿದು ಎಲ್ಲಾ."

ಕೋಸಂಬರಿಯ ಹೆಸರು ಕೇಳಿ ತಿರುಮಲನಿಗೆ ಜೋರಾಗಿ ಕೆಮ್ಮು ಬಂತು.

ಶುಕ್ರವಾರ ಹನ್ನೊಂದಕ್ಕೆ ಏಳೂ ಜನ ಬಂದರು. ಅತ್ತೆ-ಸೊಸೆ, ಒಂದೇ ಐಟಂ ಅಲ್ಲವೆಂದು ತೋರಿಸಲು ಎರಡು ಆಟೋದಲ್ಲಿ ಬಂದಿದ್ದರು. ವೇಲಚೇರಿ ಚಿಕ್ಕಮ್ಮನನ್ನು ಸುಮೇಧಾ ಸ್ಟೇಷನ್ನಿಗೇ ಹೋಗಿ ಕರೆತಂದಳು. ತಿರುಮಲ ಮಡಿಯಲ್ಲಿ ಹೆಸರುಬೇಳೆ, ತೆಂಗಿನತುರಿ, ಮಾವಿನಕಾಯಿ ಎಲ್ಲವನ್ನೂ ಬೆರೆಸಿ ಉಪ್ಪಿನ ಡಬ್ಬಿಗೆ ಕೈ ಹಾಕಿದ್ದ. ಅದೇ ಹೊತ್ತಿಗೆ ಫೋನು ಬಡಿಯಿತು. ಮಡಿಯಲ್ಲಿದ್ದವರು ಮುಟ್ಟುವಂತಿಲ್ಲವಾದ್ದರಿಂದ ಸುಮೇಧಾ ಎತ್ತಿದಳು. ಮ್ಯಾನೇಜರು. ನಾಲ್ಕು ದಿನದಿಂದ ಇಡೀ ಬಂದರು ವಿಚಾರಿಸಿದರೂ ಅವರಿಗೆ ಆ ಹಡಗು ಸಿಕ್ಕಿರಲಿಲ್ಲ, ಅದು ಬಂತೋ ಇಲ್ಲವೋ ಎಂದು ತಿಳಿಯಬೇಕಿತ್ತು.

"ನಾಗಮಣಿ ವಂದಾಚಾ?"

"ವಂದಾಚು ಸಾರ್" ಎಂದಳು ಸುಮೇಧಾ.

"ಹರಿಪ್ರಿಯಾ?"

"ಅವಂಗಳುಂ ವಂದಾಚು. ಪಕ್ಕತ್ತುಲೆಯೇ ಉಕ್ಕಾಂದಿರುಕ್ಕಾಂಗ."

ಎರಡು ಹಡಗು ಪಕ್ಕಪಕ್ಕದಲ್ಲಿ ಕೂತಿವೆ ಎಂದು ಕೇಳಿ ಆ ಕಡೆ ಏನೋ ಬಿದ್ದ ಸದ್ದಾಯಿತು. ತಿರುಮಲ ಗಾಬರಿಯಿಂದ ಅಡುಗೆಮನೆಯ ಬಾಗಿಲಿಗೆ ಬಂದು "ಇಡು, ಇಡು" ಎಂದು ಕೈಸನ್ನೆ ಮಾಡಿದ. ತಿರುಗಿ ಬಂದು ಕೋಸಂಬರಿಯ ಮುಂದೆ ನಿಂತಾಗ ಒಂದು ಸಂಶಯ ಬಂತು. ಉಪ್ಪು ಹಾಕಿದ್ದೆನೋ, ಇಲ್ಲವೋ? ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ. ಯಾರನ್ನಾದರೂ ಕೇಳಿದರೆ, ತೊಂಬತ್ತಾರು ತೆಗೆದವನಿಗೆ ಇಷ್ಟೂ ನೆನಪಿಲ್ಲವೇ ಎಂದಾರು. ಇರುವುದು ಎರಡೇ ಸಾಧ್ಯತೆ ಎಂದು ಯೋಚಿಸಿ, ಒಂದು ಹಿಡಿ ಉಪ್ಪು ಹಾಕಿ ಕಲಸಿದ.

ನೈವೇದ್ಯವಾಯಿತು. ಏಳು ಎಲೆ ಬಿದ್ದವು. ನಾಗಮಣಿಯ ಪಕ್ಕದಲ್ಲೇ ಹರಿಪ್ರಿಯಾ ಕೂತಳು. ಕೋಸಂಬರಿ ಬಾಯಿಗಿಟ್ಟ ಹರಿಪ್ರಿಯಾ ಒಂದು ಕ್ಷಣ ಅಲುಗಾಡಲಿಲ್ಲ. ಕಣ್ಣಲ್ಲಿ ನೀರಾಡಿತು. ಆ ಮೂರು ಮಾತು ನಾಲಗೆಯ ತುದಿಗೆ ಬಂದದ್ದು ಎಲ್ಲರಿಗೂ ಕಾಣಿಸಿತು. ಅವಳು ಅದನ್ನು ಕೋಸಂಬರಿಯ ಜೊತೆಗೇ ನುಂಗಿ, ಎರಡು ಲೋಟ ನೀರು ಕುಡಿದಳು. ನಾಗಮಣಿಯೂ ನುಂಗಿದಳು. ಅತ್ತೆ ಸೊಸೆಯನ್ನು ನೋಡಿದರು, ಸೊಸೆ ಗೋಡೆ ನೋಡಿದಳು. "ನೀರು ಹಾಕಮ್ಮ" ಎಂಬ ಮಾತು ಬಿಟ್ಟರೆ ಆ ಪಂಕ್ತಿಯಲ್ಲಿ ಬೇರೆ ಮಾತೇ ಇರಲಿಲ್ಲ. ಎಲ್ಲರೂ ಇಷ್ಟು ಶಾಂತವಾಗಿ ಊಟ ಮಾಡುತ್ತಿರುವುದು ತನ್ನ ಕೈಗುಣವೆಂದು ತಿರುಮಲ ಹಿಗ್ಗಿದ.

ಊಟವಾಗಿ ಎಲ್ಲರೂ ಎದ್ದು ಕೈತೊಳೆದ ಮೇಲೆ ರಮಾಬಾಯಿಯವರಿಗೆ ಎಲೆ ಹಾಕಿದರು. ಹರಕೆ ತೀರಿತ್ತು. ಏಳೂ ಮುತ್ತೈದೆಯರು ಸುತ್ತ ನಿಂತರು. ಮುದುಕಿ ಮೊದಲ ತುತ್ತು ಅನ್ನ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಾಗ ಸರಸ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ರಮಾಬಾಯಿ ಕೋಸಂಬರಿ ಬಾಯಿಗಿಟ್ಟರು. ಎಲ್ಲರೂ ಉಸಿರು ಹಿಡಿದರು.

"ಉಪ್ಪು ಸ್ವಲ್ಪ ಮುಂದೆ" ಎಂದರು ರಮಾಬಾಯಿ.

ನಾಗಮಣಿ ಹರಿಪ್ರಿಯಾಳನ್ನು ನೋಡಿದಳು. ಹರಿಪ್ರಿಯಾ ನಾಗಮಣಿಯನ್ನು ನೋಡಿದಳು. ಇಬ್ಬರೂ ನಿಧಾನವಾಗಿ ತಿರುಮಲನ ಕಡೆ ತಿರುಗಿದರು.

"ತಿರುಮಲ, ಉಪ್ಪು ಎಷ್ಟು ಸಲ ಹಾಕಿದೆ?" ಎಂದಳು ನಾಗಮಣಿ.

"ಒಂದು... ಹಾಕಿದ್ದೆನೋ ಇಲ್ಲವೋ ಅಂತ ಇನ್ನೊಂದು."

"ನಾಗಮಣಿ" ಎಂದಳು ಹರಿಪ್ರಿಯಾ, "ನಿಮ್ಮ ಗೃಹಪ್ರವೇಶದ ದಿನ ಕೋಸಂಬರಿ ನೋಡ್ಕೊಳ್ಳೋಕೆ ಯಾರನ್ನ ಬಿಟ್ಟಿದ್ರಿ?"

ತಿರುಮಲನಿಗೆ ಕೆಮ್ಮು ಬಂತು. ಆ ದಿನ ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು, ಚರ್ಮದ ಕಾರ್ಖಾನೆಯ ವಾಸನೆ ಒಂದಿಷ್ಟೂ ಇರಲಿಲ್ಲ.

"ಆವತ್ತೂ ಇವನೇ!" ನಾಗಮಣಿ ಕೂಗಿದಳು. "ನಾನು ಉಪ್ಪು ಹಾಕಿಟ್ಟು ಹೋಗಿದ್ದೆ! ಆರು ವರ್ಷ! ಆರು ವರ್ಷ ಸುಮ್ನೆ ಇದ್ದು, ಆಮೇಲೆ ಕೂತ್ಕೊಂಡು ನಮ್ಮಿಬ್ಬರನ್ನ ಎಷ್ಟು ವಿಧದಲ್ಲಿ ತೆಗೀಬಹುದು ಅಂತ ಲೆಕ್ಕ ಹಾಕ್ತಾನೆ!"

ಏಳೂ ಜನ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟರು. ತಿರುಮಲ ಗೋಡೆಗೆ ಒರಗಿದ.

"ಅವನನ್ನ ಆಮೇಲೆ ನೋಡ್ಕೊಳ್ರೇ" ಎಂದರು ರಮಾಬಾಯಿ ಎಲೆಯ ಮುಂದಿನಿಂದ. "ಉಪ್ಪು ತಿಂದು ನಲವತ್ತು ದಿನ ಆಯ್ತು, ನನಗೆ ಇದೇ ರುಚಿಯಾಗಿದೆ. ಮೊದಲು ಇನ್ನೊಂದು ಹಿಡಿ ಅನ್ನ ಹಾಕಿ."

ನಾಗಮಣಿ ಅನ್ನ ಹಾಕಿದಳು. ಹರಿಪ್ರಿಯಾ ತುಪ್ಪ ಬಡಿಸಿದಳು. ಸೊಸೆ ಸಾರಿನ ಪಾತ್ರೆ ತಂದಳು, ಅತ್ತೆ ಸೌಟು ಹಿಡಿದರು. ತಿರುಮಲ ಉಪ್ಪಿನಕಾಯಿ ಬಡಿಸಲೆಂದು ಕೈ ಮುಂದೆ ಮಾಡಿದಾಗ, ಸರಸ ಜಾಡಿಯನ್ನು ಮೆಲ್ಲಗೆ ಮಗಳ ಕೈಗೆ ದಾಟಿಸಿದಳು.